ನೆಲದ ಬೈತಲೆ: 'ವಾಟರ್‌ಷೆಡ್' ಎಂಬ ಶಬ್ದದ ವಿಚಾರ

ಭೂಗೋಳಶಾಸ್ತ್ರವನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಓದುವ ನಮ್ಮ ವಿದ್ಯಾರ್ಥಿಗಳನ್ನು ಕಾಡುವ ಶಬ್ದಗಳಲ್ಲಿ 'ವಾಟರ್‌ಷೆಡ್' ಎಂಬುದೊಂದು. ನೋಡುವುದಕ್ಕೆ ಇದು ಬಹು ಸರಳವಾದ ಸಮಾಸ. 'ವಾಟರ್' ಎಂದರೆ ನೀರೆಂಬುದು ಮೂರನೆಯ ತರಗತಿಯ ಹುಡುಗನಿಗೂ ಗೊತ್ತು. 'ಷೆಡ್' ಎಂಬುದಂತೂ 'ಷೆಡ್ಡು' ಎಂಬ ರೂಪದಲ್ಲಿ ಕನ್ನಡದ ಮಾತೇ ಆಗಿಹೋಗಿದೆ. ದನದ ಷೆಡ್ಡು, ಮೋಟಾರಿನ ಷೆಡ್ಡು, ಕೆಲಸದ ಷೆಡ್ಡು ಎಂದು ಹಳ್ಳಿಯವರೂ ಹೇಳುತ್ತಾರೆ. ಆದರೆ ಈ ಎರಡನ್ನೂ ಕೂಡಿಸಿ 'ನೀರಿನ ಷೆಡ್ಡು' ಎಂದು ಅರ್ಥಮಾಡಿದರೆ ಪಾಠವೆಲ್ಲ ಗೊಂದಲವಾಗುತ್ತದೆ. ಬೆಟ್ಟದ ನೆತ್ತಿಯ ಮೇಲೆ ನೀರಿಗೆ ಷೆಡ್ಡು ಕಟ್ಟುವವರು ಯಾರು?

ಗೊಂದಲವು ಇಷ್ಟಕ್ಕೇ ಮುಗಿಯುವುದಿಲ್ಲ. ಒಂದು ಪುಸ್ತಕದಲ್ಲಿ ಈ ಶಬ್ದಕ್ಕೆ ಎರಡು ನದಿಗಳ ನೀರನ್ನು ಬೇರ್ಪಡಿಸುವ ಎತ್ತರದ ರೇಖೆ ಎಂಬ ಅರ್ಥವಿದ್ದರೆ, ಮತ್ತೊಂದರಲ್ಲಿ ಒಂದು ನದಿಗೆ ನೀರನ್ನು ಹರಿಸುವ ಇಡೀ ಪ್ರದೇಶ ಎಂಬ ಅರ್ಥವಿರುತ್ತದೆ. ಒಂದು ರೇಖೆ, ಇನ್ನೊಂದು ಕ್ಷೇತ್ರ. ಒಂದು ಅಂಚು, ಇನ್ನೊಂದು ಆ ಅಂಚಿನ ಒಳಗಿರುವ ಬಟ್ಟಲು. ಒಂದೇ ಶಬ್ದಕ್ಕೆ ಇಷ್ಟು ಬೇರೆಯಾದ ಎರಡು ಅರ್ಥಗಳು ಬಂದುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಅದರ ಎರಡು ಪದಗಳನ್ನೂ ಬಿಡಿಸಿ ನೋಡಬೇಕು.

ಮೊದಲು 'ವಾಟರ್'. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಮೊದಲಾದ ಭಾಷೆಗಳು ಜರ್ಮ್ಯಾನಿಕ್ ಎಂಬ ಒಂದೇ ಶಾಖೆಗೆ ಸೇರಿದವು. ಈ ಶಾಖೆಯು ಸಂಸ್ಕೃತ, ಗ್ರೀಕ್, ಲ್ಯಾಟಿನ್, ರಷ್ಯನ್ ಮುಂತಾದವುಗಳೊಡನೆ ಇಂಡೋ-ಯೂರೋಪಿಯನ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದೆ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಒಂದೇ ಮೂಲವಿರಬೇಕೆಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯ ಸಭೆಯೊಂದರಲ್ಲಿ ಹೇಳಿದುದು ೧೭೮೬ರಲ್ಲಿ. ಆದ್ದರಿಂದ ಇಂಗ್ಲಿಷಿನ 'ವಾಟರ್' ಶಬ್ದಕ್ಕೆ ಸಂಸ್ಕೃತದಲ್ಲಿ ದಾಯಾದಿಯೊಂದು ಇರಬೇಕಷ್ಟೆ. ಅದು ಯಾವುದೆಂದರೆ 'ಉದಕ'. ಗ್ರೀಕರ 'ಹ್ಯುದೋರ್', ರಷ್ಯನ್ನರ 'ವದಾ', ಜರ್ಮನರ 'ವಾಸ್ಸರ್' ಎಲ್ಲವೂ ಇದೇ ಬಳಗದವು. ಇಂದಿನ ತುರ್ಕಿ ದೇಶದಲ್ಲಿ ದೊರೆತ ಹಿಟ್ಟೈಟ್ ಭಾಷೆಯ ಮಣ್ಣಿನ ಹಲಗೆಗಳನ್ನು ಓದಲು ಹೆಣಗುತ್ತಿದ್ದ ಹ್ರೋಜ್ನಿ ಎಂಬ ವಿದ್ವಾಂಸನಿಗೆ 'ವಾತರ್' ಎಂಬ ಶಬ್ದವು ಕೈದೀಪದಂತೆ ಒದಗಿತು. ಮೂರು ಸಾವಿರ ವರ್ಷಗಳಿಗೂ ಹಿಂದಿನ ಆ ಶಬ್ದವು ನೀರೇ ಎಂದು ಗೊತ್ತಾದೊಡನೆ ಆ ಭಾಷೆಯೂ ಇದೇ ಕುಟುಂಬದ್ದೆಂಬುದು ಸ್ಪಷ್ಟವಾಯಿತು. ಇದನ್ನು ಅವನು ೧೯೧೫ರಲ್ಲಿ ಪ್ರಕಟಿಸಿದನು.

'ಉದಕ'ದ ದಕಾರವು ಇಂಗ್ಲಿಷಿನಲ್ಲಿ ಟಕಾರವೂ ಜರ್ಮನಿನಲ್ಲಿ ಸಕಾರವೂ ಆದುದು ಆಕಸ್ಮಿಕವಲ್ಲ. ಜರ್ಮ್ಯಾನಿಕ್ ಭಾಷೆಗಳಲ್ಲಿ ವ್ಯಂಜನಗಳು ಮೂಲದಿಂದ ಹೇಗೆ ಸರಿದಿವೆ ಎಂಬುದನ್ನು ಯಾಕೋಬ್ ಗ್ರಿಮ್ ೧೮೨೨ರಲ್ಲಿ ನಿಯಮಬದ್ಧವಾಗಿ ವಿವರಿಸಿದನು. (ಮಕ್ಕಳ ಕಥೆಗಳನ್ನು ಸಂಗ್ರಹಿಸಿ ಹೆಸರಾದ ಗ್ರಿಮ್ ಸಹೋದರರಲ್ಲಿ ಹಿರಿಯನೇ ಈತ.) ಸಂಸ್ಕೃತದಲ್ಲಿ 'ದಶ', ಇಂಗ್ಲಿಷಿನಲ್ಲಿ 'ಟೆನ್', ಜರ್ಮನಿನಲ್ಲಿ 'ತ್ಸೇನ್', ಸಂಸ್ಕೃತದಲ್ಲಿ 'ಪಾದ', ಇಂಗ್ಲಿಷಿನಲ್ಲಿ 'ಫುಟ್', ಜರ್ಮನಿನಲ್ಲಿ 'ಫೂಸ್', 'ಸ್ವಾದು' ಎಂಬುದು ಅಲ್ಲಿ 'ಸ್ವೀಟ್', 'ಸ್ಯೂಸ್'. ಇದೇ ಸಾಲಿನಲ್ಲಿ ಉದಕ, ವಾಟರ್, ವಾಸ್ಸರ್ ಎಂಬ ಮೂರನ್ನೂ ನಿಲ್ಲಿಸಿದರೆ ದಕಾರ, ಟಕಾರ, ಸಕಾರಗಳ ಓರಣ ತಪ್ಪುವುದಿಲ್ಲ. ಶಬ್ದಗಳ ಸಂಬಂಧವನ್ನು ನಿರ್ಣಯಿಸುವಾಗ ಕಿವಿಗೆ ಒಂದೇ ಬಗೆಯಾಗಿ ಕೇಳಿಸುವುದು ಪ್ರಮಾಣವಲ್ಲ, ವ್ಯತ್ಯಾಸವು ನಿಯಮವನ್ನು ಅನುಸರಿಸಿದೆಯೇ ಎಂಬುದೇ ಪ್ರಮಾಣ.

ಈ ಬಳಗದ ಇನ್ನಿಬ್ಬರನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ನಮ್ಮ ಕಾವೇರಿಯಲ್ಲಿ ಈಜಾಡುವ ನೀರುನಾಯಿಗೆ ಇಂಗ್ಲಿಷಿನಲ್ಲಿ 'ಆಟರ್' ಎಂದು ಹೆಸರು. ಸಂಸ್ಕೃತದಲ್ಲಿ ಅದು 'ಉದ್ರ'. ಎರಡೂ ಒಂದೇ ಶಬ್ದ. ನೀರಿನಲ್ಲಿರುವುದು ಎಂದು ತಾತ್ಪರ್ಯ. ಅದೇ 'ಉದ್ರ'ದ ಬಂಧುವೇ 'ಸಮುದ್ರ' ಎಂಬಲ್ಲಿಯೂ ಅಡಗಿದೆ: ನೀರುಗಳು ಒಂದುಗೂಡಿದ ಎಡೆಯೇ ಸಮುದ್ರ. ನೀರುಗಳು ಅಗಲುವ ಎಡೆಯನ್ನು ಹೇಳುವ 'ವಾಟರ್‌ಷೆಡ್' ಎಂಬ ಶಬ್ದವೂ, ನೀರುಗಳು ಸೇರುವ ಎಡೆಯನ್ನು ಹೇಳುವ 'ಸಮುದ್ರ' ಎಂಬ ಶಬ್ದವೂ ಒಂದೇ ಧಾತುವಿನ ಮಕ್ಕಳೆಂಬುದು ಚೆಲುವಾದ ಸಂಗತಿಯಲ್ಲವೇ? ಕನ್ನಡದ 'ನೀರು' ಮಾತ್ರ ಈ ಕುಟುಂಬಕ್ಕೆ ಸೇರಿದುದಲ್ಲ. ಅದು ದ್ರಾವಿಡ ಶಬ್ದ. ಸಂಸ್ಕೃತದ 'ನೀರ'ವೇ ದ್ರಾವಿಡದಿಂದ ಹೋದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಇನ್ನು 'ಷೆಡ್'. ಮರ್ಮವಿರುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಣೆಯ, ಒಂದೇ ಕಾಗುಣಿತದ, ಆದರೆ ಬೇರೆ ಬೇರೆ ಮೂಲದ ಎರಡು 'ಷೆಡ್'ಗಳಿವೆ. ನಮ್ಮ ದನದ ಷೆಡ್ಡು ನೆರಳು ಎಂಬ ಅರ್ಥದ 'ಷೇಡ್' ಶಬ್ದದ ಬೇರೊಂದು ರೂಪ. ನೆರಳು ಕೊಡುವ ಮಾಡು ಎಂದು ಅದರ ಅರ್ಥ. 'ವಾಟರ್‌ಷೆಡ್'ನಲ್ಲಿರುವುದು ಅದಲ್ಲ. ಇದು ಬೇರ್ಪಡಿಸು, ಸೀಳು ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಬಂದುದು. ಜರ್ಮನಿನಲ್ಲಿ ಅದರ ಒಡಹುಟ್ಟು 'ಶೈಡೆನ್', ಎಂದರೆ ಅಗಲಿಸು. ಹೀಗೆ ನೀರುಗಳು ಅಗಲುವ ಸ್ಥಾನಕ್ಕೆ ಜರ್ಮನರು 'ವಾಸ್ಸರ್‌ಶೈಡೆ' ಎನ್ನುತ್ತಾರೆ. ಇಂಗ್ಲಿಷಿನ 'ವಾಟರ್‌ಷೆಡ್' ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು ೧೮೦೩ರ ಸುಮಾರಿಗೆ. ಭೂವಿಜ್ಞಾನವು ಜರ್ಮನಿಯಲ್ಲಿ ಹುಲುಸಾಗಿ ಬೆಳೆಯುತ್ತಿದ್ದ ಕಾಲವದು. ಆದ್ದರಿಂದ ಜರ್ಮನ್ ಶಬ್ದವನ್ನೇ ನೋಡಿ ಇಂಗ್ಲಿಷಿನವರು ತಮ್ಮ ಪದಗಳಿಂದ ಸಮಾಸವನ್ನು ಕಟ್ಟಿಕೊಂಡಿರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ಎರಡು ಪದಗಳೂ ಜರ್ಮ್ಯಾನಿಕ್ ಆದ್ದರಿಂದ ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಅರಿಸಮಾಸದ ದೋಷವಿಲ್ಲ. ಉತ್ತರಪದಕ್ಕೆ ಪ್ರಾಧಾನ್ಯವಿರುವುದರಿಂದ ಇದು ನಮ್ಮ ತತ್ಪುರುಷದಂತೆಯೇ ಇದೆ.

'ಷೆಡ್' ಶಬ್ದದ ದೂರದ ಬಂಧುಗಳನ್ನು ಹುಡುಕುತ್ತ ಹೋದರೆ ಆಶ್ಚರ್ಯಗಳು ಒಂದರ ಮೇಲೊಂದಾಗಿ ಎದುರಾಗುತ್ತವೆ. ಕತ್ತರಿಸು, ಸೀಳು ಎಂಬರ್ಥದ ಮೂಲಧಾತುವಿನಿಂದ ಸಂಸ್ಕೃತದಲ್ಲಿ 'ಛಿದ್' ಬಂದಿದೆ. ಛೇದ, ಛಿನ್ನ, ವಿಚ್ಛೇದ ಎಲ್ಲವೂ ಅದರ ಸಂತಾನ. ಗಣಿತದಲ್ಲಿ ಭಿನ್ನರಾಶಿಯ ಕೆಳಗೆ ಬರೆಯುವ ಛೇದವೂ ಅದೇ. ಜರ್ಮನರು ವಿವಾಹವಿಚ್ಛೇದನಕ್ಕೆ 'ಶೈಡುಂಗ್' ಎನ್ನುತ್ತಾರೆ. ಧಾತುವೂ ಒಂದೇ, ಅರ್ಥವೂ ಒಂದೇ! (ಇಲ್ಲಿ ಕೊನೆಯ ವ್ಯಂಜನವು ಗ್ರಿಮ್ಮನ ನಿಯಮಕ್ಕೆ ನೇರವಾಗಿ ಹೊಂದುವುದಿಲ್ಲವೆಂದು ಜಾಣ ವಿದ್ಯಾರ್ಥಿಗಳು ಆಕ್ಷೇಪಿಸಬಹುದು. ಮೂಲಧಾತುವಿಗೆ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ವ್ಯಂಜನಗಳು ಹತ್ತಿಕೊಂಡುದೇ ಇದಕ್ಕೆ ಕಾರಣ.) ಮರವನ್ನು ಸೀಳಿ ಮಾಡಿದ ಹಿಮಪಾದುಕೆಯಾದ 'ಸ್ಕೀ' ಇದೇ ವಂಶದ್ದು. ಲ್ಯಾಟಿನ್ನಿನಲ್ಲಿ ತಿಳಿ ಎಂಬರ್ಥದ 'ಸ್ಕಿರೆ' ಎಂಬ ಕ್ರಿಯಾಪದವೂ ಇದೇ ಧಾತುವಿನದೆಂದು ಬಹುಮಟ್ಟಿಗೆ ಒಪ್ಪಲಾಗಿದೆ: ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ನೋಡುವುದೇ ಅರಿವು. ಅದರಿಂದ ಹುಟ್ಟಿದುದು 'ಸೈನ್ಸ್'. ನಾವು ವಿಜ್ಞಾನವೆಂದು ಕರೆಯುವ ವಿದ್ಯೆಯ ಇಂಗ್ಲಿಷ್ ಹೆಸರು ಬೆಟ್ಟದ ನೆತ್ತಿಯ ಆ ರೇಖೆಗೆ ಹೀಗೆ ದೂರದ ಸಂಬಂಧಿಯಾಗುತ್ತದೆ. ವಿನೋದಕ್ಕೆಂದು 'ವಾಟರ್‌ಷೆಡ್'ನ ಎರಡು ಪದಗಳಿಗೂ ಸಂಸ್ಕೃತದ ದಾಯಾದಿಗಳನ್ನೇ ಹಾಕಿ ಸಂಧಿಮಾಡಿದರೆ 'ಉದಚ್ಛೇದ' ಎಂದಾಗುತ್ತದೆ. ಅಂಥ ಶಬ್ದವನ್ನು ಯಾರೂ ಬಳಸಿಲ್ಲ, ಬಳಸಬೇಕಾದುದೂ ಇಲ್ಲ. ಆದರೆ ಕಲಿಯುವವನ ನೆನಪಿನಲ್ಲಿ ಅದು ನಿಲ್ಲುತ್ತದೆ.

ಸ್ಕಾಟ್ಲೆಂಡಿನ ಆಡುಮಾತಿನಲ್ಲಿ 'ಷೆಡ್' ಎಂದರೆ ತಲೆಗೂದಲ ಬೈತಲೆ. ಈ ಅರ್ಥವನ್ನು ತಿಳಿದಮೇಲೆ 'ವಾಟರ್‌ಷೆಡ್' ಎಂಬುದರ ಚಿತ್ರವು ಕಣ್ಣಿಗೆ ಕಟ್ಟುತ್ತದೆ. ಬೈತಲೆಯ ಈಚಿನ ಕೂದಲು ಈಚೆಗೆ, ಆಚಿನದು ಆಚೆಗೆ. ದಿಣ್ಣೆಯ ಈಚಿನ ಮಳೆ ಈ ಹೊಳೆಗೆ, ಆಚಿನದು ಆ ಹೊಳೆಗೆ. ಸಂಸ್ಕೃತದಲ್ಲಿ ಬೈತಲೆಗೆ 'ಸೀಮಂತ' ಎಂಬ ಹೆಸರುಂಟು. ಗರ್ಭಿಣಿಗೆ ಬೈತಲೆ ತೆಗೆಯುವ ಸಂಸ್ಕಾರದಿಂದ ಆ ಶಬ್ದವು ನಮ್ಮ ಮನೆಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಅಡಗಿರುವುದು 'ಸೀಮಾ' ಎಂಬ ಶಬ್ದ, ಎಂದರೆ ನೆಲದ ಎಲ್ಲೆ. ನಮ್ಮವರು ನೆಲದ ಎಲ್ಲೆಯನ್ನು ತಲೆಯ ಮೇಲೆ ಕಂಡರು, ಅವರು ತಲೆಯ ಬೈತಲೆಯ ಮಾತನ್ನು ಬೆಟ್ಟಕ್ಕೆ ಹೇಳಿದರು.

ಹಾಗಾದರೆ ರೇಖೆಯೆಂಬ ಅರ್ಥವು ಕ್ಷೇತ್ರವೆಂದು ಬದಲಾದುದು ಹೇಗೆ? ಇಂಗ್ಲಿಷಿನಲ್ಲಿ 'ಷೆಡ್' ಕ್ರಿಯಾಪದಕ್ಕೆ ಬೇರ್ಪಡಿಸು ಎಂಬ ಹಳೆಯ ಅರ್ಥವು ಕ್ರಮೇಣ ಮಸುಕಾಗಿ, ಸುರಿಸು, ಉದುರಿಸು ಎಂಬ ಅರ್ಥವು ಮುಂದಾಯಿತು. ಕಣ್ಣೀರು ಸುರಿಸುವುದು, ಮರವು ಎಲೆ ಉದುರಿಸುವುದು, ಹಾವು ಪೊರೆ ಕಳಚುವುದು, ಇವೆಲ್ಲಕ್ಕೂ ಅವರಲ್ಲಿ 'ಷೆಡ್' ಎಂಬುದೇ ಕ್ರಿಯೆ. ಮೂಲವನ್ನು ಮರೆತ ಜನರು 'ವಾಟರ್‌ಷೆಡ್' ಎಂದರೆ ನೀರನ್ನು ಕೆಳಗೆ ಸುರಿಸುವ ಇಳಿಜಾರು ಎಂದು ಭಾವಿಸಿದರು. ಇಳಿಜಾರಿನಿಂದ ಅರ್ಥವು ಇಡೀ ಬಟ್ಟಲಿಗೆ ವ್ಯಾಪಿಸಿತು. ೧೮೭೦ರ ದಶಕದ ಹೊತ್ತಿಗೆ ಈ ಹೊಸ ಅರ್ಥವು ಬರಹದಲ್ಲಿ ಕಾಣುತ್ತದೆ. ಅಮೆರಿಕದಲ್ಲಿ ಅದೇ ಸ್ಥಿರವಾಯಿತು; ರೇಖೆಗೆ ಅಲ್ಲಿಯವರು 'ಡಿವೈಡ್' ಎಂದರು. ಬ್ರಿಟನ್ನಿನಲ್ಲಿ ಹಳೆಯ ಅರ್ಥವೇ ಉಳಿಯಿತಾದರೂ, ಗೊಂದಲಕ್ಕೆ ಬೇಸತ್ತ ಕೆಲವರು 'ವಾಟರ್-ಪಾರ್ಟಿಂಗ್' ಎಂದು ಬರೆಯತೊಡಗಿದರು. ಆದಕಾರಣ ಪುಸ್ತಕವು ಯಾವ ದೇಶದ್ದೆಂದು ಮೊದಲು ನೋಡಿಕೊಳ್ಳುವುದು ವಿದ್ಯಾರ್ಥಿಗೆ ಕ್ಷೇಮ.

ಈಗ ಕನ್ನಡಕ್ಕೆ ಬರೋಣ. ಸರಕಾರದ ಇಲಾಖೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ 'ವಾಟರ್‌ಷೆಡ್' ಎಂಬುದಕ್ಕೆ ನಿಂತಿರುವ ಶಬ್ದ 'ಜಲಾನಯನ'. ಇದರಲ್ಲಿ 'ನಯನ'ವನ್ನು ಕಂಡು ಕಣ್ಣೆಂದು ತಿಳಿಯಬಾರದು. ಜಲ ಮತ್ತು ಆನಯನ ಎಂದು ಪದವಿಭಾಗ. ಒಯ್ಯು, ನಡೆಸು ಎಂಬರ್ಥದ 'ನೀ' ಧಾತುವಿಗೆ 'ಆ' ಉಪಸರ್ಗ ಸೇರಿದರೆ ತರುವುದು ಎಂದಾಗುತ್ತದೆ. ಗುರುವಿನ ಬಳಿಗೆ ಒಯ್ಯುವ 'ಉಪನಯನ'ದಲ್ಲಿರುವುದೂ ಅದೇ ಧಾತು. ನೀರನ್ನು ತಂದುಕೊಡುವ ಪ್ರದೇಶವೇ ಜಲಾನಯನ ಪ್ರದೇಶ. ಶಬ್ದವು ಸೊಗಸಾಗಿದೆ, ಅಮೆರಿಕದ ಅರ್ಥಕ್ಕೆ ಸರಿಯಾಗಿಯೂ ಇದೆ. ಆದರೆ ಇಂಗ್ಲಿಷ್ ಶಬ್ದದ ಹುಟ್ಟಿಗೆ ಇದು ನೇರ ವಿರುದ್ಧ: ಅದು ಬೆಟ್ಟದ ಮೇಲೆ ನಿಂತು ನೀರು ಅಗಲುವುದನ್ನು ಕಂಡ ಮಾತು, ಇದು ಕೆರೆಯ ಏರಿಯ ಮೇಲೆ ನಿಂತು ನೀರು ಬರುವುದನ್ನು ಕಂಡ ಮಾತು. ಕೆರೆ ಕಟ್ಟಿ ಬಾಳಿದ ನಾಡಿನವರಿಗೆ ಈ ಎರಡನೆಯ ದೃಷ್ಟಿಯೇ ಸಹಜವೆಂದು ನನಗೆ ತೋರುತ್ತದೆ. ಕೆರೆಯ ಕೆಳಗಿನ ಗದ್ದೆಗಳು ಅಚ್ಚುಕಟ್ಟು, ಕೆರೆಗೆ ನೀರು ತರುವ ಮೇಲಿನ ನೆಲ ಜಲಾನಯನ. ಇವೆರಡನ್ನು ಅದಲುಬದಲು ಮಾಡುವವರೂ ಇದ್ದಾರೆ, ಅದು ಸಲ್ಲದು.

ರೇಖೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ 'ಜಲವಿಭಾಜಕ' ಎಂಬ ಶಬ್ದವಿದೆ. ಅದು ಪುಸ್ತಕದಿಂದಾಚೆಗೆ ಹೆಚ್ಚಾಗಿ ಬಂದಿಲ್ಲ. ಇದರಿಂದಾಗುವ ತೊಡಕು ಸಣ್ಣದಲ್ಲ. ಇಂಗ್ಲಿಷಿನಲ್ಲಿ ಒಂದು ಘಟನೆಯನ್ನು ಚರಿತ್ರೆಯ 'ವಾಟರ್‌ಷೆಡ್' ಎಂದರೆ ಅದರ ಹಿಂದಿನ ಕಾಲ ಬೇರೆ, ಮುಂದಿನ ಕಾಲ ಬೇರೆ ಎಂದರ್ಥ. ಬ್ರಿಟನ್ನಿನ ಟೆಲಿವಿಷನ್ನಿನಲ್ಲಿ ಮಕ್ಕಳಿಗೆ ಸಲ್ಲದ ಕಾರ್ಯಕ್ರಮಗಳನ್ನು ತೋರಿಸಬಾರದೆಂದು ಗೊತ್ತುಮಾಡಿರುವ ರಾತ್ರಿ ೯ ಗಂಟೆಯ ಗಡುವಿಗೂ ಇದೇ ಹೆಸರು. ಇದನ್ನು 'ಜಲಾನಯನ ಘಟನೆ' ಎಂದು ಅನುವಾದಿಸಿದರೆ ಓದುಗನ ಪಾಡೇನು?

ಶಬ್ದದ ಎರಡೂ ಅರ್ಥಗಳನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಮೈಸೂರು ನಗರಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಈ ಊರು ಕುಳಿತಿರುವುದೇ ಬೈತಲೆಯ ಮೇಲೆ. ಉತ್ತರಕ್ಕೆ ಕಾವೇರಿ, ದಕ್ಷಿಣಕ್ಕೆ ಕಬಿನಿ ಅಥವಾ ಕಪಿಲೆ. ನಡುವಿನ ಎತ್ತರದ ನೆಲದಲ್ಲಿ ನಗರ. ಕೆಸರೆಯ ಕಡೆಗೆ ಇಳಿಯುವ ನೀರು ಕಾವೇರಿಗೂ, ದಳವಾಯಿ ಕೆರೆಯ ಕಡೆಗೆ ಇಳಿಯುವ ನೀರು ಕಬಿನಿಗೂ ಹೋಗುತ್ತದೆ. ಒಂದೇ ಮೋಡದಿಂದ ಒಂದೇ ಊರಿನ ಮೇಲೆ ಬಿದ್ದ ಮಳೆಯು ಹೀಗೆ ಇಬ್ಭಾಗವಾಗುತ್ತದೆ. ನಗರದ ಕೊಳೆನೀರನ್ನು ಶುದ್ಧಿಮಾಡುವ ಘಟಕಗಳು ಒಂದೇ ಕಡೆ ಇಲ್ಲದೆ ಕೆಸರೆ, ವಿದ್ಯಾರಣ್ಯಪುರ, ರಾಯನಕೆರೆ ಎಂದು ಹಂಚಿಹೋಗಿರುವುದಕ್ಕೂ ನೆಲದ ಇಳಿಜಾರೇ ಕಾರಣ. ಚರಂಡಿಯ ನೀರು ಮೋಟಾರಿಲ್ಲದೆ ದಿಣ್ಣೆಯನ್ನು ಹತ್ತಲಾರದು.

ಬೈತಲೆಯ ಮೇಲಿರುವ ಊರಿಗೆ ಒಂದು ಕಷ್ಟವುಂಟು. ಎರಡು ಕಡೆಗೂ ನದಿಗಳಿದ್ದರೂ ನೀರು ತಾನಾಗಿ ಊರಿಗೆ ಬಾರದು. ಕಾವೇರಿಯ ನೀರನ್ನು ಮೈಸೂರಿಗೆ ತರುವ ಉದ್ದೇಶದಿಂದ ೧೯ನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾಲುವೆಯೊಂದನ್ನು ತೋಡಿಸಿದರು. ನದಿಯ ನೀರು ಅದರಲ್ಲಿ ಬರಲಿಲ್ಲ. ಪೂರ್ಣಯ್ಯನ ನಾಲೆಯೆಂಬ ಹೆಸರಿನಿಂದ ಅದು ಮಳೆಯ ನೀರನ್ನು ಹೊತ್ತು, ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೪ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯನ್ನು ತುಂಬಿಸುವ ಕಾಲುವೆಯಾಯಿತು. ಇಂದು ನಗರಕ್ಕೆ ಬೇಕಾದ ನೀರನ್ನು ಬೆಳಗೊಳ, ಹೊಂಗಳ್ಳಿ, ಮೇಳಾಪುರಗಳಲ್ಲಿ ಕಾವೇರಿಯಿಂದಲೂ, ಬಿದರಗೋಡಿನಲ್ಲಿ ಕಬಿನಿಯಿಂದಲೂ ಯಂತ್ರಗಳಿಂದ ಮೇಲೆತ್ತುತ್ತಾರೆ. ಬೆಂಗಳೂರಿನದೂ ಇದೇ ಕಥೆ. ಅಲ್ಲಿನ ದಿಣ್ಣೆಯ ಒಂದು ಕಡೆಯ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೂ, ಇನ್ನೊಂದು ಕಡೆಯದು ದಕ್ಷಿಣ ಪಿನಾಕಿನಿಗೂ ಇಳಿಯುತ್ತದೆ.

ಮೈಸೂರಿನ ರೇಖೆಯು ಸೌಮ್ಯವಾದುದು. ಮನೆಗಳ ನಡುವೆ ಅದನ್ನು ಗುರುತಿಸುವುದೂ ಕಷ್ಟ. ಅದರ ಉಗ್ರರೂಪವನ್ನು ನೋಡಬೇಕಾದರೆ ಘಟ್ಟಕ್ಕೆ ಹೋಗಬೇಕು. ಸಕಲೇಶಪುರ ತಾಲ್ಲೂಕಿನ ಬಿಸಿಲೆ ಘಟ್ಟದ ಬಳಿ, ಮಂಕನಹಳ್ಳಿಯ ಹತ್ತಿರ, ಒಂದು ಕಡೆಗೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆಗೆ ಅರಬ್ಬೀ ಸಮುದ್ರ, ನಡುವೆ 'ರಿಡ್ಜ್' ಎಂದು ಇಂಗ್ಲಿಷಿನಲ್ಲಿ ಕೆತ್ತಿದ ಗುರುತಿನ ಕಲ್ಲಿದೆ. ('ರಿಡ್ಜ್' ಎಂಬುದೂ ಜರ್ಮ್ಯಾನಿಕ್ ಶಬ್ದವೇ, ಅದರ ಹಳೆಯ ಅರ್ಥ ಬೆನ್ನು.) ಅಲ್ಲಿ ಪಶ್ಚಿಮಕ್ಕೆ ಬಿದ್ದ ಹನಿಯು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ. ಗೇಣು ದೂರದಲ್ಲಿ ಪೂರ್ವಕ್ಕೆ ಬಿದ್ದ ಹನಿಯು ಹೇಮಾವತಿಯಲ್ಲಿ ಹರಿದು, ಕೃಷ್ಣರಾಜಸಾಗರವನ್ನು ಹೊಕ್ಕು, ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ದಾರಿಯಲ್ಲಿ ಮೈಸೂರಿನ ನಲ್ಲಿಗೂ ಬರಬಹುದು. ಕೊಡಗಿನ ತಲಕಾವೇರಿಯ ಬೆಟ್ಟಗಳಲ್ಲಿಯೂ ಹೀಗೆಯೇ: ಅರಬ್ಬೀ ಸಮುದ್ರವು ಹತ್ತಿರವಿದ್ದರೂ ಕಾವೇರಿಯು ಪೂರ್ವಕ್ಕೆ ತಿರುಗಿ ಸುಮಾರು ೮೦೦ ಕಿಲೋಮೀಟರು ಹರಿಯುತ್ತದೆ, ನೆರೆಯ ಪಯಸ್ವಿನಿಯು ಪಶ್ಚಿಮಕ್ಕಿಳಿದು ಕಾಸರಗೋಡಿನ ಬಳಿ ಸಮುದ್ರವನ್ನು ಸೇರುತ್ತದೆ. ಕಾವೇರಿಯ ಜಲಾನಯನ ಪ್ರದೇಶದ ವಿಸ್ತೀರ್ಣ ೮೧,೧೫೫ ಚದರ ಕಿಲೋಮೀಟರು. ಅದರಲ್ಲಿ ಕರ್ನಾಟಕದ ಪಾಲು ೩೪,೨೭೩. ನದಿನೀರಿನ ವ್ಯಾಜ್ಯಗಳಲ್ಲಿ ಲೆಕ್ಕಕ್ಕೆ ಬರುವ ಈ ಅಂಕಿಗಳೆಲ್ಲ ನಿಂತಿರುವುದು ರೇಖೆಯನ್ನು ಎಲ್ಲಿ ಎಳೆಯಬೇಕೆಂಬುದರ ಮೇಲೆ.

ಪ್ರಕೃತಿಯು ಎಳೆದ ಈ ರೇಖೆಯನ್ನು ದಾಟಿಸುವ ಸಾಹಸವೂ ನಡೆದಿದೆ. ಪಶ್ಚಿಮಕ್ಕೆ ಹರಿಯುವ ಹಳ್ಳಗಳ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ ೨೦೧೪ರಲ್ಲಿ ಶಂಕುಸ್ಥಾಪನೆಯಾಗಿ, ೨೦೨೪ರಲ್ಲಿ ಅದರ ಮೊದಲ ಹಂತವು ಆರಂಭವಾಯಿತು. ಅದರ ಸಾಧಕಬಾಧಕಗಳ ಚರ್ಚೆ ಬೇರೆಯೇ ಲೇಖನದ ವಿಷಯ.

೨೦೦೧ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಆರಂಭವಾದ 'ಸುಜಲ' ಜಲಾನಯನ ಯೋಜನೆಯಂಥ ಕಾರ್ಯಗಳಲ್ಲಿ ಕೆಲಸವನ್ನು ದಿಣ್ಣೆಯ ತುದಿಯಿಂದ ಪ್ರಾರಂಭಿಸಿ ಕಣಿವೆಯ ಕಡೆಗೆ ಇಳಿಯಬೇಕೆಂಬುದು ಮೂಲತತ್ತ್ವ. ಮೇಲೆ ಬದುಗಳನ್ನು ಹಾಕದೆ ಕೆಳಗೆ ಕಟ್ಟೆ ಕಟ್ಟಿದರೆ ನಾಲ್ಕು ಮಳೆಗಳಲ್ಲಿ ಕಟ್ಟೆಯು ಹೂಳಿನಿಂದ ತುಂಬಿಹೋಗುತ್ತದೆ. ಎಂದರೆ ಜಲಾನಯನವೆಂಬ ಕ್ಷೇತ್ರವನ್ನು ಕಾಪಾಡಲು ಹೊರಟವನು ಮೊದಲು ಹೋಗಿ ನಿಲ್ಲಬೇಕಾದುದು ಜಲವಿಭಾಜಕವೆಂಬ ರೇಖೆಯ ಮೇಲೆ.

ಆ ರೇಖೆಯನ್ನು ಎಳೆಯುವುದು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಅಭ್ಯಾಸ. ಸರ್ವೇ ಆಫ್ ಇಂಡಿಯಾದವರ ಮೈಸೂರು ಪ್ರದೇಶದ ನಕಾಶೆಯನ್ನು ತೆಗೆದುಕೊಂಡು, ಕಾವೇರಿಗೆ ಹೋಗುವ ಹಳ್ಳಗಳನ್ನೆಲ್ಲ ಒಂದು ಬಣ್ಣದಿಂದಲೂ ಕಬಿನಿಗೆ ಹೋಗುವವನ್ನು ಇನ್ನೊಂದು ಬಣ್ಣದಿಂದಲೂ ತಿದ್ದಿರಿ. ಅನಂತರ ಎರಡು ಬಣ್ಣಗಳ ನಡುವೆ, ಸಮೋನ್ನತಿ ರೇಖೆಗಳು ತೋರಿಸುವ ಎತ್ತರದ ಬಿಂದುಗಳನ್ನು ಕೂಡಿಸುತ್ತ ಒಂದು ಗೆರೆಯನ್ನು ಎಳೆಯಿರಿ. ಗೆರೆಯು ಎಲ್ಲಿಯೂ ಒಂದು ಹಳ್ಳವನ್ನು ಅಡ್ಡ ದಾಟಬಾರದು; ದಾಟಿತೆಂದರೆ ಎಲ್ಲೋ ತಪ್ಪಿದೆಯೆಂದೇ ತಿಳಿಯಬೇಕು. ಗೆರೆಯು ನಗರವನ್ನು ಹಾದು ಪೂರ್ವಕ್ಕೆ ಸಾಗುತ್ತ ತಗ್ಗುತ್ತ ಹೋಗಿ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲೆಗಳು ಕೂಡುವ ಎಡೆಯಲ್ಲಿ, ಮುಗಿಯುತ್ತದೆ. ಅಲ್ಲಿಂದ ಮುಂದೆ ಅದು ಬೇರ್ಪಡಿಸಲು ಎರಡು ನೀರುಗಳಿಲ್ಲ.